ಅಪ್ಪನ ಲೈಟ್‌ಹೌಸ್ ಚಿತ್ರಗಳು

ಜಮಖಂಡಿ ಬಸ್ ನಿಲ್ದಾಣದಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತಿದ್ದ ಗುರುಪಾದನ ಪಕ್ಕದಲ್ಲೇ ಗುರುತಿಲ್ಲದ ಅಕ್ಕ ತಮ್ಮ ಮಾತಿಗೆ ನಿಂತರು.

“ದುಂಡೇಶ, ಅಪ್ಪನ ಸಿಗರೇಟ್ ಪಾಕೀಟಿನ್ಯಾಗ ಬರ್ತಿದ್ದ ಲೈಟ್‌ಹೌಸ್ ಚಿತ್ರದ ಕಾರ್ಡ ಮನಿ ಜೋಡಿ ಡ್ಯಾಮಿನ ಹಿನ್ನೀರಾಗ ಮುಳುಗಿದ್ವು ಅಂದಿದ್ದಿ.”

“ಹೌದಬೇ ಯಕ್ಕಾ.”

“ಇವತ್ತ ಕಾಲೇಜಿನ ಪ್ರದರ್ಶನದಾಗ ಅದಾವ. ಕೂಡಿಸಿಟ್ಟಾಂವ ಅಂತ ನಿನ್ನ ಹೆಸರ ಹಾಕ್ಯಾರ.”

“ಅವು ಬ್ಯಾರೆ ಇರಬೇಕು.”

“ಒಂದ ತಿರುವಿ ನೋಡಿದೆ. ಹಿಂದ ನನ್ನ ಬರವಣಿಗಿ ಐತಿ. ಅಪ್ಪ ಅದನ್ನ ನನಗ ಕೊಟ್ಟ ದಿನದ ತಾರೀಖ.”

ದುಂಡೇಶ ತಲೆ ತಗ್ಗಿಸಿದ. “ನನಗ ಅಪ್ಪ ಏನೂ ಕೊಡಲಿಲ್ಲಬೇ.”

“ಕೇಳಿದ್ರ ಅರ್ಧಾ ಕೊಡ್ತಿದ್ದೆ. ಹಿನ್ನೀರ ದಂಡಿಮ್ಯಾಲ ಕುಂತು ನಾ ಅಳೂವಾಗ ನೀನ ನನ್ನ ಕಣ್ಣ ಒರೆಸಿದ್ಯಲ್ಲೋ!”

ಬೀಳಗಿ ಬಸ್ಸು ಬಂತು. ಅವಳ ಚೀಲಕ್ಕೆ ದುಂಡೇಶ ಕೈ ಚಾಚಿದ. ಅವಳು ಕೊಡಲಿಲ್ಲ.

“ಇಬ್ಬರೇನ್ರೀ?” ಎಂದ ಕಂಡಕ್ಟರ್.

“ಒಬ್ಬಾಕೀನರಿ,” ಎನ್ನುತ್ತ ಹತ್ತಿದಳು.