ಕತ್ತಲಲ್ಲೂ ಕಾಣುವ ಕ್ಯಾಮೆರಾ

ಮುಂದಿನ ಸಾಲಿನವರು ಆ ಮೊಬೈಲು ಸ್ವಲ್ಪ ಕೆಳಗಿಳಿಸಿ, ಶರಣರೇ. ನನ್ನ ಮುಖ ಎಲ್ಲಿಗೂ ಓಡಿಹೋಗುವುದಿಲ್ಲ. ಪ್ರತಿ ಶ್ರಾವಣದ ಪ್ರವಚನದಲ್ಲೂ ಇದೇ ಮುಖ, ಇದೇ ಮಾತು. ನೀವು ತಲೆದೂಗುತ್ತೀರಿ, ಪ್ರಸಾದ ಮುಗಿಸಿ ಮನೆಗೆ ಹೋಗಿ ಮರೆಯುತ್ತೀರಿ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ. ಆದರೂ ಹೇಳುತ್ತೇನೆ, ಕೇಳಿ.

ಯಾವುದೋ ಒಂದು ಊರು ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ, ಹೆಸರು ಹೇಳಿದರೆ ನೀವು ಅವನನ್ನು ಹುಡುಕುತ್ತ ಕೂರುತ್ತೀರಿ, ನಿಮ್ಮನ್ನು ನೀವು ಬಿಟ್ಟುಬಿಡುತ್ತೀರಿ. ಅವನಿಗೊಬ್ಬ ತಮ್ಮ. ಅಣ್ಣತಮ್ಮಂದಿರಿಗೆ ಜಗಳ ಹುಟ್ಟಿದ್ದು ಯಾತಕ್ಕೆ ಗೊತ್ತೇ? ಬಚ್ಚಲ ನೀರು ಯಾವ ಕಡೆ ಹರಿಯಬೇಕು ಅನ್ನುವುದಕ್ಕೆ. ನೋಡಿ, ಬಚ್ಚಲ ನೀರಿಗೆ! ಮನೆ ಎರಡಾಯಿತು, ಮಾತು ನಿಂತಿತು. ಅಣ್ಣನ ನಡುಮನೆಗೆ ಇದ್ದದ್ದು ಒಂದೇ ಕಿಟಕಿ, ಅದು ತಮ್ಮನ ಅಂಗಳದ ಕಡೆಗಿತ್ತು. ಅಣ್ಣ ಅದನ್ನು ಮುಚ್ಚಿ ಮೊಳೆ ಹೊಡೆದ. ವಯಸ್ಸಾದ ಅವ್ವ ಅವನ ಜೊತೆಗೇ ಉಳಿದಳು. ಮೊಣಕಾಲು ನೋವಿನವಳು, ಆ ಕಿಟಕಿಯ ಎದುರು ಗೋಡೆಗೆ ಒರಗಿ ಕೂತವಳು ಅಲ್ಲಿಂದ ಏಳಲೊಲ್ಲಳು.

ಸಾಹುಕಾರನಿಗೆ ಅವ್ವನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಇತ್ತು. ಅವಳದೊಂದು ಚೆಂದದ ಫೋಟೊ ತೆಗೆಯಬೇಕೆಂದು ಆಸೆಪಟ್ಟ. ಕ್ಯಾಮೆರಾ ಎತ್ತಿದ. ಅವ್ವ, "ತೆಗಿಯಪ್ಪಾ" ಅಂದಳು. ಒತ್ತಿದ. ಕತ್ತಲ ಕೋಣೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಬಂತು. ಫ್ಲ್ಯಾಷ್ ಹಾಕಿದರೆ ಪಾಪ, ಮುದುಕಿ ಕಣ್ಣು ಮುಚ್ಚಿಕೊಂಡಳು.

ಹೆಂಡತಿ ಹೇಳಿದಳು, "ಕಿಡಕಿ ಮೊಳಿ ಕಿತ್ತರ ಮುಗೀತಲ್ರಿ, ಬೆಳಕು ಬರ್ತೈತಿ."

"ಆ ಕಿಡಕಿ ಸುದ್ದಿ ತೆಗೀಬ್ಯಾಡ!" ಅಂದ. ಅಂಗಡಿಗೆ ಹೋದ.

ಅಂಗಡಿಯವನು, "ಈ ಲೆನ್ಸ್ ತಗೋರಿ ಸಾಹುಕಾರ್ರ. ಇದರ ಬಾಯಿ ದೊಡ್ಡದು, ಬೆಳಕು ಭಾಳ ಒಳಗ ಬರ್ತೈತಿ. ಮಾರಿ ಅಷ್ಟ ಎದ್ದು ಕಾಣತೈತಿ, ಹಿಂದಿಂದೆಲ್ಲಾ ಮಸುಕು" ಅಂದ. ಸಾಹುಕಾರ ಲೆನ್ಸಿನ ಬಾಯಿ ದೊಡ್ಡದು ಮಾಡಿಕೊಂಡು ಬಂದ. ಕಿಟಕಿಯ ಬಾಯಿ? ಮುಚ್ಚಿಯೇ ಇತ್ತು. ನಗಬೇಡಿ, ನಮ್ಮೆಲ್ಲರ ಮನೆಯಲ್ಲೂ ಇದೇ ನಡೆದಿದೆ.

ಮತ್ತೆ ಕ್ಯಾಮೆರಾ ಎತ್ತಿದ. ಅವ್ವ, "ತೆಗಿಯಪ್ಪಾ" ಅಂದಳು. ಒತ್ತಿದ. ಸಮಾಧಾನ ಇಲ್ಲ. ಇದಕ್ಕಿಂತ ಒಳ್ಳೆಯದು ಯಾವುದು ಅಂತ ಊರೆಲ್ಲ ವಿಚಾರಿಸಿದ. ಯಾರ ಮಾತೂ ಪೂರ್ತಿ ನಂಬಲಿಲ್ಲ, ಯಾರ ಮಾತೂ ಬಿಡಲಿಲ್ಲ. ಹೀಗೇ ವರ್ಷಗಳು ಹೋದವು. ಕಡೆಗೆ ಕತ್ತಲಲ್ಲೂ ಕಣ್ಣಿನ ರೆಪ್ಪೆ ತೋರಿಸುವಂಥ ಕ್ಯಾಮೆರಾ ತಂದ. ತೆಗೆದ. ಅಬ್ಬಾ, ಏನು ಚಿತ್ರ ಅಂತೀರಿ! ಒಂದೊಂದು ಸುಕ್ಕೂ ಕಂಡಿತು. ಆಗ ಕಂಡಿತು ನೋಡಿ ಇನ್ನೊಂದು. ಅವ್ವ ಇವನ ಕಡೆ ನೋಡಿಯೇ ಇಲ್ಲ! ಹಳೆಯವನ್ನೆಲ್ಲ ತೆಗೆದು ನೋಡಿದ. ಯಾವುದರಲ್ಲೂ ಇಲ್ಲ. ಎಲ್ಲದರಲ್ಲೂ ಅವಳ ಮುಖ ಕಿಟಕಿಯ ಕಡೆ.

ಸಿಟ್ಟು ಬಂತು. "ಏನವ್ವಾ, ನೀನ ತೆಗಿ ಅಂತಿ, ಆ ಕಡಿ ಮಾರಿ ತಿರುಗಸ್ತಿ!"

"ನಾ ಫೋಟೊ ತೆಗಿ ಅಂದಿಲ್ಲೋ ಎಪ್ಪಾ. ಕಿಡಕಿ ತೆಗಿ ಅಂತ ಹೇಳಾಕತ್ತೇನಿ. ಸಣ್ಣಾಂವನ ಮಾರಿ ಒಮ್ಮೆ ನೋಡಬೇಕು."

ಸಾಹುಕಾರ ಎದ್ದು ಇಕ್ಕಳ ತಂದು ಮೊಳೆ ಕಿತ್ತ. ಕಿಟಕಿ ಕಿರುಗುಟ್ಟುತ್ತ ತೆರೆಯಿತು. ಸದ್ದು ಕೇಳಿ ತಮ್ಮ ಅಂಗಳಕ್ಕೆ ಓಡಿ ಬಂದ. ನಡುಮನೆಯ ತುಂಬ ಬೆಳಕು.

"ಅವ್ವಾ" ಅಂದ ತಮ್ಮ.

ಅವ್ವ ಗಾಳಿಯಲ್ಲಿ ಕೈ ಆಡಿಸಿದಳು. "ದನಿ ಅವಂದ ಐತಿ. ಎಲ್ಲಿ ಅದಾನ? ನನಗ ಬರೇ ಮಂಜು ಕಾಣತೈತಿ. ಹತ್ತಿರ ಬಾ ಅನ್ನೋ, ಮಾರಿ ಮುಟ್ಟಿ ನೋಡ್ತೀನಿ."

ಆ ಕತ್ತಲಲ್ಲಿ ಕೂತೂ ಕೂತೂ ಅವ್ವನ ಕಣ್ಣು ಮಂಜಾದದ್ದು ಮನೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಕ್ಯಾಮೆರಾಕ್ಕೆ ಕಣ್ಣು ಬರುವ ಹೊತ್ತಿಗೆ ಅವ್ವನ ಕಣ್ಣು ಹೋಗಿತ್ತು. ಅಣ್ಣನ ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಲೇ ಇತ್ತು, ಅವನು ಅದನ್ನು ಎತ್ತಲಿಲ್ಲ.

ಕ್ಯಾಮೆರಾ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ, ಕೊಳ್ಳಿ. ಒಳ್ಳೆಯದನ್ನೇ ಕೊಳ್ಳಿ. ಆದರೆ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಿಟಕಿಗೆ ಮೊಳೆ ಹೊಡೆದವರು ಯಾರು? ಬಚ್ಚಲ ನೀರು ಇವತ್ತಿಗೂ ಹರಿಯುತ್ತಲೇ ಇದೆಯಲ್ಲ, ಅದಕ್ಕೆ ನಿಮ್ಮ ಜಗಳ ನೆನಪಿದೆಯೇ? ಮೊದಲು ಆ ಮೊಳೆ ಕೀಳಿ. ನಿಂತ ಮಾತನ್ನು ಈ ವಾರವೇ ನೀವಾಗಿ ಆಡಿ, ಅವರು ಆಡಲಿ ಅಂತ ಕಾಯಬೇಡಿ. ಮನೆಯ ಹಿರಿಯರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಅರಳುಮರಳು ಅನ್ನಬೇಡಿ. ಕೈಯಲ್ಲಿರುವುದನ್ನು ಕೆಳಗಿಟ್ಟು, ಹತ್ತಿರ ಕೂತು, ಒಂದು ಮಾತು ಕೇಳಿ: "ಅವ್ವಾ, ಏನು ತೆಗೀಲಿ?"

ಅವಳಿಗೆ ಇನ್ನೂ ಕಣ್ಣು ಕಾಣುತ್ತಿರುವಾಗಲೇ ಕೇಳಿ.