ಬಂಡೆ ಸಾರ್ ಕೈ ಯಾವಾಗಲೂ ಜೇಬಿನಲ್ಲಿ

ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೇ, ಆಟಗಾರರೇ, ಮೈದಾನ ನೋಡಿಕೊಳ್ಳುವ ನಮ್ಮ ಹಿರಿಯರೇ, ಬಾಗಿಲಾಚೆ ನಿಂತಿರುವ ಅಭಿಮಾನಿಗಳೇ — ಒಳಗೆ ಬನ್ನಿ, ಗೋಡೆ ಪಕ್ಕ ಜಾಗ ಇದೆ — ಮುಂದಿನ ಸಾಲಿನಲ್ಲಿ ಕೂತಿರುವ ಮ್ಯಾನೇಜರ ಶ್ರೀಮತಿಯವರು, ನನ್ನ ಪಾಲಿನ ಅತ್ತಿಗೆ, ಅವರ ಮಗಳು... ಎಲ್ಲರಿಗೂ ನಮಸ್ಕಾರ.

ನಮಸ್ಕಾರ ಅಂದೆ, ಮುಂದಿನದು ಮರೆತೇ ಹೋಯ್ತು. ಕ್ಷಮಿಸಿ, ಬಾಯಿ ಒಣಗ್ತಿದೆ. ನಾನು ಸಹಾಯಕ ಕೋಚು. ಮೈದಾನದ ಗೆರೆ ಪಕ್ಕ ನಿಂತು ಕಿರುಚೋದು ಗೊತ್ತು, ಭಾಷಣ ಗೊತ್ತಿಲ್ಲ. ಭಾಷಣ ಏನಿದ್ರೂ ತಂಡ ನಡೆಸ್ತಿದ್ದ ನಮ್ಮ ಮ್ಯಾನೇಜರದು. ಅವರು ಮಾತಾಡೋರು, ನಾನು ಹಿಂದೆ ನಿಂತು ತಲೆ ಆಡಿಸೋನು.

ಹೋದ ವಾರ ನಮ್ಮ ಮ್ಯಾನೇಜರು ತರಬೇತಿಗೆ ಹೊರಟು, ಶೂ ಲೇಸ್ ಕಟ್ಟೋಕೆ ಅಂತ ಕುರ್ಚಿ ಮೇಲೆ ಕೂತವರು — ಏಳಲೇ ಇಲ್ಲ. ಇಲ್ಲಿ ನಾವು ಮೈದಾನದಲ್ಲಿ, "ಇವತ್ತೇನು ಇಷ್ಟು ತಡ?" ಅಂತ ಗೊಣಗ್ತಿದ್ವಿ. ಈ ಭಾನುವಾರ ಕೊನೇ ಪಂದ್ಯ. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತೆ. ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕೆ ಕೆಲಸ ಇರಲ್ಲ, ಅದೇನು ಗುಟ್ಟಲ್ಲ. ಬೆಳಿಗ್ಗೆ ಅಧ್ಯಕ್ಷರು ಕರೆದು, "ಭಾನುವಾರ ತಂಡ ನೀವೇ ನಡೆಸಿ" ಅಂದರು. "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಯೋಚನೆಯೂ ಇಲ್ಲ, ಗೀಚನೆಯೂ ಇಲ್ಲ. ಹೆದರಿಕೆ ಆಯ್ತು. ಈಗಲೂ ಆಗ್ತಿದೆ.

ಅದಿರಲಿ. ಅವರ ಬಗ್ಗೆ ಹೇಳಬೇಕು.

ಎಷ್ಟು ಊರು, ಎಷ್ಟು ದೇಶ! ಬಂದರಿನ ಊರು, ಗಣಿ ಊರು, ಹಿಮ ಗುಡಿಸಿ ಆಡೋ ಊರು, ಬಿಸಿಲಿಗೆ ಚೆಂಡು ಮುಟ್ಟೋಕೂ ಆಗದ ಊರು. ಗೆದ್ದಾಗ ಹೆಗಲ ಮೇಲೆ ಹೊತ್ತು ಮೆರೆಸಿದರು, ಸೋತಾಗ ಗಂಟುಮೂಟೆ ಕಟ್ಟಿಸಿದರು. ಅತ್ತಿಗೆ ಹತ್ರ ಇದ್ದದ್ದು ಒಂದೇ ಜೊತೆ ಕಿಟಕಿ ಪರದೆ. ಒಂದು ಮನೇಲಿ ಕಿಟಕಿಯ ಅರ್ಧಕ್ಕೇ ನಿಲ್ತಿತ್ತು, ಇನ್ನೊಂದು ಮನೇಲಿ ನೆಲ ಗುಡಿಸ್ತಿತ್ತು. "ಹೊಸದು ಹೊಲಿದುಬಿಡಿ ಅತ್ತಿಗೆ" ಅಂದ್ರೆ, "ಹೊಲಿದ ವಾರವೇ ಇವರ ಕೆಲಸ ಹೋಗುತ್ತೆ, ಸುಮ್ನಿರಪ್ಪ" ಅನ್ನೋರು. ಹೊಸ ಶಾಲೇಲಿ ಟೀಚರು ಈ ಮಗಳನ್ನ, "ಅಪ್ಪ ಏನು ಮಾಡ್ತಾರೆ?" ಅಂತ ಕೇಳಿದ್ರೆ, "ಕೆಲಸ ಕಳ್ಕೊಳ್ತಾರೆ ಮಿಸ್" ಅಂದಿದ್ಲಂತೆ. ನಗಮ್ಮ, ಪರವಾಗಿಲ್ಲ. ನಿಮ್ಮಪ್ಪ ಇದನ್ನ ಹೇಳ್ಕೊಂಡು ಹೇಳ್ಕೊಂಡು ನಗ್ತಿದ್ರು.

ಎಲ್ಲಿ ಹೋದರೂ ಅವರಿಗೆ ಅಂಟಿದ್ದು ಒಂದೇ ಹೆಸರು — ಬಂಡೆ. ಗೆರೆ ಪಕ್ಕ ಹೀಗೆ — ಇಗೋ, ಹೀಗೆ ನಿಲ್ಲೋರು. ಎರಡೂ ಕೈ ಕೋಟಿನ ಜೇಬಲ್ಲಿ. ಗೋಲು ಹೊಡೆದರೂ ಹೀಗೆ, ಹೊಡೆಸಿಕೊಂಡರೂ ಹೀಗೆ. ಪಂದ್ಯಕ್ಕೆ ಮುಂಚೆ ಯಾರ ಕೈಯನ್ನೂ ಕುಲುಕ್ತಿರಲಿಲ್ಲ. ಗಣಿ ಊರಲ್ಲಿ ಕ್ಲಬ್ಬಿನ ಮಾಲೀಕನೇ ಕೈ ಚಾಚಿದ. ಇವರು ಬರೀ ತಲೆ ಬಗ್ಗಿಸಿದರು, ಕೈ ತೆಗೀಲಿಲ್ಲ. ಮರುದಿನ ಪೇಪರಲ್ಲಿ ಫೋಟೋ — "ಎಂಥಾ ದುರಹಂಕಾರ!" ಆ ತಿಂಗಳೇ ಮನೆಗೆ ಕಳಿಸಿದರು. ಅವರ ಜೊತೆ ನನ್ನನ್ನೂ. ನಾನಂತೂ ಮನಸ್ಸಲ್ಲೇ ಬೈದೆ. ಒಂದು ಸಲ ಕೈ ಕೊಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು?

ಮುಂದಿನ ಕ್ಲಬ್ಬಲ್ಲಿ ಗೊತ್ತಾಯ್ತು. ಪಂದ್ಯ ಮುಗಿಯೋ ಹೊತ್ತು, ನಮ್ಮ ವಿರುದ್ಧ ಪೆನಾಲ್ಟಿ. ಅವರಿಗೆ ಕೆಮ್ಮು ಹತ್ತಿಕೊಂಡಿತು. ನಾನು ಮುಚ್ಚಳ ತೆಗೆದು ನೀರಿನ ಬಾಟಲಿ ಚಾಚಿದೆ. ಬೇರೆ ದಾರಿ ಇಲ್ಲದೆ ಕೈ ಹೊರಗೆ ತೆಗೆದರು. ಅಯ್ಯೋ — ಆ ಕೈ ನಡುಗ್ತಿತ್ತು. ಸ್ವಲ್ಪ ಅಲ್ಲ ಸ್ವಾಮಿ. ನೀರೆಲ್ಲ ಕೋಟಿನ ಮೇಲೆ. ಮುಖ ನೋಡಿದ್ರೆ ಬಂಡೆ, ಕೈ ನೋಡಿದ್ರೆ ಚಳಿಜ್ವರ. ಏನೋ ದೊಡ್ಡ ಕಾಯಿಲೆ ಇರಬೇಕು ಅಂತ ನನ್ನ ಜೀವ ಬಾಯಿಗೆ ಬಂತು.

ವಾಪಸ್ ಬರೋವಾಗ ಬಸ್ಸಲ್ಲಿ ಪಕ್ಕ ಕೂತು ಕೇಳಿದೆ.

"ಕಾಯಿಲೆ ಅಲ್ಲಪ್ಪಾ, ಹೆದರಿಕೆ" ಅಂದರು. "ಮೊದಲನೇ ಪಂದ್ಯದಿಂದ ಇದೆ. ಒಂದು ಸಲವೂ ತಪ್ಪಿಲ್ಲ."

"ಇಷ್ಟು ಹೆದರಿಕೊಂಡು ಈ ಕೆಲಸ ಯಾಕೆ ಸಾರ್?"

"ಯಾರಾದ್ರೂ ಹೆದರಲೇಬೇಕಲ್ಲ! ಹುಡುಗರು ಹೆದರಿದ್ರೆ ಕಾಲು ಓಡಲ್ಲ. ಹೆದರೋ ಕೆಲಸ ನನ್ನದು, ಅವರು ಆಡ್ಕೊಳ್ಳಲಿ. ನೀನು ಮಾತ್ರ ಬಾಯಿ ಮುಚ್ಕೊಂಡಿರು."

ಮುಚ್ಕೊಂಡಿದ್ದೆ. ಇವತ್ತಿನ ತನಕ.

ಇವತ್ತು ಅಧ್ಯಕ್ಷರ ಕೋಣೆಯಿಂದ ನೇರ ಅತ್ತಿಗೆ ಮನೆಗೆ ಓಡಿದೆ. ಹೌದು, ಓಡಿದೆ. ದುಃಖದಲ್ಲಿರೋ ಮನೆಗೆ ನನ್ನ ಗೋಳು ಹೊತ್ಕೊಂಡು! ನೋಡಿದ್ರೆ, ನಮ್ಮ ಕ್ಯಾಪ್ಟನ್ ನನಗಿಂತ ಮುಂಚೆಯೇ ಅಲ್ಲಿ ಕೂತಿದ್ದಾನೆ. ತಲೆ ತಗ್ಗಿಸ್ಬೇಡಪ್ಪ, ನಾನೂ ಅದಕ್ಕೇ ಹೋಗಿದ್ದು. "ಅಮ್ಮಾ, ಬಂಡೆ ಸಾರ್ ಇಲ್ದೆ ನಮ್ಮಿಂದ ಆಗಲ್ಲ" ಅಂತಿದ್ದ.

ಅತ್ತಿಗೆ ಎದ್ದರು. ಒಳಗೆ ಹೋಗಿ ಆ ಕೋಟು ತಂದರು. ಜೇಬನ್ನ ಹೊರಕ್ಕೆ ಎಳೆದು ತೋರಿಸಿದರು. ಒಳಗಿನ ಬಟ್ಟೆ ಪೂರ್ತಿ ತೇಪೆ. ತೇಪೆ ಮೇಲೆ ತೇಪೆ. ಉಗುರಲ್ಲಿ ಕೆರೆದು ಕೆರೆದು ಹರಿದದ್ದು.

"ಪ್ರತಿ ಪಂದ್ಯ ಆದ್ಮೇಲೂ ಇದನ್ನ ಹೊಲೀತಿದ್ದೆ" ಅಂದರು. "ಪರದೆ ಹೊಲಿಯೋಕೆ ಪುರುಸೊತ್ತು ಎಲ್ಲಿತ್ತು?"

ಆಮೇಲೆ ನನ್ನ ಕಡೆ ತಿರುಗಿ, "ಇವರ ಹೆದರಿಕೆ ವಿಷಯ ಸಭೇಲಿ ಹೇಳ್ಬಿಡಪ್ಪ. ಹುಡುಗರು ಬಂಡೆ ಹುಡುಕ್ತಾ ಕೂತರೆ ಭಾನುವಾರ ಆಡೋರು ಯಾರು?" ಅಂದರು.

ಹೇಳಿದೆ, ಅತ್ತಿಗೆ.

ಈಗ ಅಧ್ಯಕ್ಷರಿಗೆ ಉತ್ತರ. ಭಾನುವಾರ ಗೆರೆ ಪಕ್ಕ ನಾನೇ ನಿಲ್ತೀನಿ. ಧೈರ್ಯ ಬಂತು ಅಂತ ಅಲ್ಲ — ಬಂದಿಲ್ಲ. ಗೆಲ್ಲಿಸ್ತೀನಿ ಅಂತ ಮಾತೂ ಕೊಡಲ್ಲ. ಅವರ ತಲೆ ನನಗಿಲ್ಲ, ಅವರ ಮಾತು ನನಗೆ ಬರಲ್ಲ. ಆದರೆ ಹೆದರೋ ಕೆಲಸ ಒಂದು ಖಾಲಿ ಬಿದ್ದಿದೆ. ಅದನ್ನ ನಾನು ಚೆನ್ನಾಗಿ ಮಾಡ್ತೀನಿ.

ಆಟಗಾರರೇ, ಇಲ್ಲಿ ನೋಡಿ. ಇಗೋ ಎರಡೂ ಕೈ. ಕಾಣ್ತಿದೆ ತಾನೆ? ಮೈಕೇ ಅಲ್ಲಾಡ್ತಿದೆ. ನಾನು ಜೇಬಿಗೆ ಹಾಕ್ಕೊಳ್ಳಲ್ಲ. ಭಾನುವಾರ ಭಯ ಆದಾಗ ಒಂದು ಸಲ ಗೆರೆ ಕಡೆ ತಿರುಗಿ ಈ ಕೈ ನೋಡಿ. ನಿಮ್ಮ ಪಾಲಿನ ನಡುಕವೂ ಇಲ್ಲೇ ಇರುತ್ತೆ. ನೀವು ಆಡಿ.

ಇನ್ನು, ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ನಿಧಾನ, ಅತ್ತಿಗೆಗೆ ಯಾರಾದ್ರೂ ಕೈ ಕೊಡಿ. ಅವರಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ. ಒಂದೇ ಒಂದು ಕೋರಿಕೆ — ಯಾರೂ ಜೇಬಲ್ಲಿ ಕೈ ಇಟ್ಕೋಬೇಡಿ. ನಡುಗಿದ್ರೆ ನಡುಗಲಿ.