ಗಾಲಿಗೆ ಹಾಕಿದ ನೀರು

ತಾವರಗೇರಾದ ತನ್ನ ಚಹಾದಂಗಡಿಯಲ್ಲಿ ಕಪ್ಪು ತೊಳೆಯುತ್ತಿದ್ದ ಕಸ್ತೂರೆಮ್ಮನ ಕಿವಿಗೆ ಇಬ್ಬರು ಲಾರಿ ಡ್ರೈವರುಗಳ ಮಾತು ಬಿತ್ತು.

“ಹಾಲೇಶ, ನಿನ್ನ ಗಾಡಿ ಮುಂದಿನ ಗಾಲಿ ಗುಂಯ್ ಅನ್ನಾಕತ್ತೈತಲ್ಲೋ.”

“ಎಂಟು ದಿನ ಆತು ಕಾಕಾ. ಹಾಡು ಜೋರ್ ಹಚ್ಚಿದ್ರ ಕೇಳಂಗಿಲ್ಲ.”

“ಗಾಲಿ ನಡುವಿನ ಹಬ್ ಮುಟ್ಟಿ ನೋಡೀಯೇನು?”

“ಕೈ ಸುಡತೈತಿ. ಅದಕ್ಕ ದಿನಾ ಇಲ್ಲಿ ನಿಲ್ಲಿಸಿ ನೀರು ಹಾಕ್ತೀನಿ.”

“ಬೇರಿಂಗ್ ಹೋಗೈತಿ ಅದು. ನೀರು ಹಾಕಿದ್ರ ಒಳಗಿದ್ದ ಗ್ರೀಸೂ ಹೋಗತೈತಿ. ನಡುದಾರ್ಯಾಗ ಗಾಲಿ ಕಳಚಿದ್ರ?”

“ಗೊತ್ತೈತಿ ಕಾಕಾ. ಗಾಡಿ ಎರಡು ದಿನ ನಿಂತ್ರ ಸಾವಕಾರ ಬ್ಯಾರೆ ಡ್ರೈವರನ್ನ ಕರೀತಾನ.”

ಕಾಕಾ ತನ್ನ ಲಾರಿ ಹತ್ತಿ ಹೋದ. ಹಾಲೇಶ ಎಂದಿನಂತೆ ಕೈ ಚಾಚಿದ.

“ಅಕ್ಕಾರ, ಒಂದು ಕೊಡ ನೀರು ಕೊಡ್ರಿ.”

ಎಂಟು ದಿನ ಇಂಜಿನ್ನಿಗೆಂದೇ ನಂಬಿ ನೀರು ಕೊಟ್ಟಿದ್ದ ಕಸ್ತೂರೆಮ್ಮ, ತುಂಬಿದ ಕೊಡವನ್ನು ಗಟಾರಕ್ಕೆ ಸುರುವಿ ಬೋರಲು ಇಟ್ಟಳು.

“ನೀರು ಖಾಲಿ ಆಗ್ಯಾವ, ತಮ್ಮಾ.”